ಬೆಳೆ ಕೈಕೊಟ್ಟ ಮೇಲೆ ಯಾವ ಪುಟ ತೆರೆಯಬೇಕು?

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ರಲ್ಲಿ ಬರ ಘೋಷಣೆಯಾಯಿತು. ಚನ್ನಗಿರಿ ಕಡೆ ಕೊಳವೆಬಾವಿಗಳು ಬತ್ತಿ, ಅಡಿಕೆ ಮರ ಉಳಿಸಿಕೊಳ್ಳಲು ಜನ ಟ್ಯಾಂಕರ್ ನೀರಿಗೆ ದುಡ್ಡು ಸುರಿದರು. ಜಗಳೂರಿಗೆ ಮಳೆ ಕೈಕೊಡುವುದು ಹೊಸದೇನಲ್ಲ. ಹೊನ್ನಾಳಿಯ ಕಷ್ಟ ಬೇರೆ: ತುಂಗಭದ್ರೆ ಉಕ್ಕಿದ ವರ್ಷ ಬಾಲರಾಜ ಘಾಟ್‌ನ ಮನೆಗಳಿಗೆ ನೀರು ನುಗ್ಗುತ್ತದೆ, ಹೊಳೆದಂಡೆಯ ಗದ್ದೆ ಮುಳುಗುತ್ತದೆ.

ಇಂಥ ಹೊತ್ತಿನಲ್ಲಿ ಹಿರಿಯರು ಗೀತೆಯನ್ನೋ ವಚನವನ್ನೋ ಓದು ಅನ್ನುತ್ತಾರೆ. ಸೋತು ಕೂತವರಿಗೆ ಅದನ್ನು ಹೇಗೆ ಓದಬೇಕು ಎಂದು ಹೇಳಿಕೊಡುವವರು ಕಡಿಮೆ. ಅದಕ್ಕೇ ಈ ಬರಹ.

ಪುಸ್ತಕಕ್ಕೂ ಮೊದಲು ಒಂದು ಮಾತು. ಬದುಕೇ ಬೇಡ ಎಂಬ ಯೋಚನೆ ಬರುತ್ತಿದ್ದರೆ ಈಗಲೇ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹಾಗೆಯೇ, ವಿಮೆ ಮಾಡಿಸಿದ ಬೆಳೆ ಆಲಿಕಲ್ಲು ಮಳೆಯಂಥದ್ದಕ್ಕೆ ಸಿಕ್ಕಿ ಹಾಳಾಗಿದ್ದರೆ 72 ಗಂಟೆಯೊಳಗೆ 14447ಕ್ಕೆ ತಿಳಿಸಬೇಕು. ದೇವರ ಕೋಣೆಗೆ ಆಮೇಲೆ ಹೋದರೂ ನಡೆಯುತ್ತದೆ.

ಓದನ್ನು ಸಮಾಧಾನದ ಮಾತಿನಿಂದ ಶುರು ಮಾಡಬೇಡಿ, ಅಳಲಿನಿಂದ ಶುರು ಮಾಡಿ. ಗೀತೆಯ 18 ಅಧ್ಯಾಯಗಳಲ್ಲಿ ಮೊದಲನೆಯದರ ಹೆಸರೇ ಅರ್ಜುನ ವಿಷಾದಯೋಗ. ಬಿಲ್ಲು ಕೆಳಗಿಟ್ಟು, ಮೈ ನಡುಗುತ್ತಿದೆ, ನನ್ನಿಂದಾಗದು ಎಂದು ರಥದಲ್ಲಿ ಕುಸಿದು ಕೂತವನ ಕಥೆ ಅದು. ಅವನ ಮಾತು ಮುಗಿಯುವವರೆಗೂ ಕೃಷ್ಣ ಉಪದೇಶಕ್ಕೆ ಇಳಿಯುವುದಿಲ್ಲ. ಬೈಬಲ್ಲಿನ 150 ಕೀರ್ತನೆಗಳಲ್ಲೂ ಗೋಳು ತೋಡಿಕೊಳ್ಳುವಂಥವು ಬಹಳ. ಎರಡು ಮೂರು ದಿನ ಅಷ್ಟನ್ನೇ ಓದಿ. ಅಳು ಬಂದರೆ ಬರಲಿ.

ಆಮೇಲೆ ಚಿಕ್ಕದೊಂದು ಭಾಗ ಹಿಡಿಯಿರಿ. ಸಮಗ್ರ ವಚನ ಸಂಪುಟ 15 ಸಂಪುಟಗಳಷ್ಟಿದೆ. ಅದನ್ನೆಲ್ಲ ಎದುರಿಗಿಟ್ಟುಕೊಂಡರೆ ಓದು ಇನ್ನೊಂದು ಹೊರೆಯಾದೀತು. ದಿನಕ್ಕೆ ಒಂದೇ ವಚನ ಸಾಕು. ಸಿರಿಗೆರೆ ತರಳಬಾಳು ಮಠ ರೂಪಿಸಿದ ಮೊಬೈಲ್ ಆ್ಯಪ್‌ನಲ್ಲಿ ಪದ ಕೊಟ್ಟು ವಚನ ಹುಡುಕಬಹುದು: ‘ಕಾಯಕ’ ಎಂದೋ ‘ಭಯ’ ಎಂದೋ ಹಾಕಿ ನೋಡಿ. ಕುರಾನಿನ 94ನೇ ಅಧ್ಯಾಯದಲ್ಲಿರುವುದು ಎಂಟೇ ವಾಕ್ಯ. ಕಷ್ಟದ ಜೊತೆಗೇ ಸರಾಗವೂ ಇದೆ ಎಂಬ ಭರವಸೆ ಅಲ್ಲಿ ಎರಡು ಸಲ ಬರುತ್ತದೆ. ಗಟ್ಟಿಯಾಗಿ, ಮನೆಯವರ ಕಿವಿಗೆ ಬೀಳುವಂತೆ ಓದಿ. ಮನಸ್ಸು ಕದಡಿದಾಗ ಕಣ್ಣಿನಲ್ಲಿ ಓದಿದ್ದು ಒಳಗೆ ನಿಲ್ಲುವುದಿಲ್ಲ, ದನಿ ಅದನ್ನು ನಿಲ್ಲಿಸುತ್ತದೆ.

ಪುಸ್ತಕವೇ ಇಲ್ಲದವರಿಗೂ ಈ ದಾರಿ ಒದಗುತ್ತದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ನೆಲ. ಅವರ ನುಡಿಗಳು ಲಂಬಾಣಿ ತಾಂಡಾಗಳಲ್ಲಿ ಬಾಯಿಂದ ಬಾಯಿಗೆ ಹಾಡಾಗಿ ಉಳಿದು ಬಂದವು. ರೈಲು ಬಂದು, ಎತ್ತಿನ ಮೇಲೆ ದವಸ, ಉಪ್ಪು ಸಾಗಿಸುವ ಕಸುಬೇ ಹೋದರೂ ಲಂಬಾಣಿಗರು ಆ ಹಾಡು ಬಿಡಲಿಲ್ಲ. ಫೆಬ್ರುವರಿಯ ಜಯಂತಿಗೆ ಅಲ್ಲಿ ಸೇರುವ ಜನಸಾಗರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಜ್ಜಿಗೆ ಬರುವ ಹಾಡೊಂದನ್ನು ಕಲಿತುಕೊಳ್ಳಿ. ಅದೂ ಶಾಸ್ತ್ರವೇ.

ಮೂರನೆಯ ಹೆಜ್ಜೆ ನನಗೆ ಎಲ್ಲಕ್ಕಿಂತ ಮುಖ್ಯ. ಓದಿದ್ದರಿಂದ ನಾಳೆಗೆ ಒಂದು ಕೆಲಸ ಹುಟ್ಟಬೇಕು. ಬೈಬಲ್ಲಿನಲ್ಲಿ ನೆಹೆಮೀಯನ ಗ್ರಂಥ ಎಂಬ ಪುಟ್ಟ ಭಾಗವಿದೆ. ಯಾವ ಧರ್ಮದವರಾದರೂ ಒಮ್ಮೆ ಓದಿ. ಜೆರೂಸಲೇಮಿನ ಗೋಡೆ ಬಿದ್ದಿದೆ ಎಂಬ ಸುದ್ದಿ ಕೇಳಿ ನೆಹೆಮೀಯ ಮೊದಲು ಕೂತು ಅಳುತ್ತಾನೆ. ಊರಿಗೆ ಬಂದ ಮೇಲೆ ಯಾರಿಗೂ ಹೇಳದೆ ರಾತ್ರಿ ಹೊತ್ತು ಗೋಡೆ ಎಲ್ಲೆಲ್ಲಿ ಒಡೆದಿದೆ ಎಂದು ನೋಡಿ ಬರುತ್ತಾನೆ. ಕೆಲಸ ಹಂಚಿಕೊಂಡಾಗ ಎಷ್ಟೋ ಜನ ತಂತಮ್ಮ ಮನೆಯೆದುರಿನ ಗೋಡೆಯನ್ನೇ ಕಟ್ಟುತ್ತಾರೆ. ಗೋಡೆ 52 ದಿನದಲ್ಲಿ ಎದ್ದು ನಿಲ್ಲುತ್ತದೆ.

ಅವನು ಒಡೆದ ಗೋಡೆ ನೋಡಿ ಬಂದಂತೆ ನಿಮ್ಮ ನಷ್ಟವನ್ನು ನೋಡಲು ನೀವೂ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಪುಟದಲ್ಲಿ ಹೋದದ್ದು: ಸೊಸೈಟಿ ಸಾಲ, ಕೈಗಡ, ಅಡವಿಟ್ಟ ಬಂಗಾರ, ಗೊಬ್ಬರದಂಗಡಿಯ ಬಾಕಿ, ಒಂದನ್ನೂ ಮುಚ್ಚಿಡದೆ. ಬಲಪುಟದಲ್ಲಿ ಉಳಿದದ್ದು: ಹಸು, ಎರಡು ಗುಂಟೆ ಸೊಪ್ಪಿನ ಮಡಿ, ಹೊಲಿಗೆ ಗೊತ್ತಿರುವ ಹೆಂಡತಿ, ಮಾತು ಕೇಳುವ ಅಣ್ಣ. ಪ್ರತಿ ದಿನದ ಓದು ಮುಗಿದ ಮೇಲೆ ಬಲಪುಟದಿಂದ ಒಂದನ್ನು ಆರಿಸಿ, ನಾಳೆ ಅದರಿಂದ ಏನು ಮಾಡುವಿರಿ ಎಂದು ಒಂದು ಸಾಲು ಬರೆಯಿರಿ.

ಕೆಲಸ ಸಣ್ಣದು ಅನ್ನಿಸಿದರೆ ನುಲಿಯ ಚಂದಯ್ಯನನ್ನು ನೆನೆಯಿರಿ. ಹುಲ್ಲು ಕೊಯ್ದು ಹಗ್ಗ ಹೊಸೆದು ಬದುಕಿದ ಶರಣ. ಕೆರೆಯಲ್ಲಿ ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಜಾರಿ ಬಿದ್ದರೂ ಅವನು ಕಾಯಕ ನಿಲ್ಲಿಸಲಿಲ್ಲ ಎಂಬ ಕಥೆ ಶೂನ್ಯ ಸಂಪಾದನೆಯಲ್ಲಿದೆ. ಚನ್ನಗಿರಿಗೆ ಹೊಂದಿಕೊಂಡ ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನ ಹೆಸರು ಇವನೊಂದಿಗೆ ಬೆಸೆದಿದೆ.

ಒಂದು ಎಚ್ಚರಿಕೆಯೂ ಬೇಕು. ‘ನಿನ್ನ ಕರ್ಮ’, ‘ನಿನಗೆ ನಂಬಿಕೆ ಸಾಲದು’ ಎನ್ನುವವರಿಂದ ದೂರವಿರಿ. ಬೈಬಲ್ಲಿನ ಕಥೆಯಲ್ಲಿ ಎಲ್ಲ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಮಾತಿಲ್ಲದೆ ಅವನ ಪಕ್ಕ ಕೂತಿದ್ದರು. ಬಾಯಿ ಬಿಟ್ಟ ಮೇಲೆ ತಪ್ಪೆಲ್ಲ ಅವನದೇ ಎಂದರು. ಕೊನೆಗೆ ದೇವರು ಸಿಟ್ಟಾದದ್ದು ಆ ಸ್ನೇಹಿತರ ಮೇಲೆ. ದೋಷ ಪರಿಹಾರಕ್ಕೆಂದು ಸಾವಿರಾರು ರೂಪಾಯಿ ಕೇಳುವವರಿಗೆ, ಅವರು ಯಾವ ಧರ್ಮದವರೇ ಆಗಿರಲಿ, ಸಾಲ ಮಾಡಿ ಕೊಡಬೇಡಿ.

ಕೊನೆಯದಾಗಿ, ಒಬ್ಬರೇ ಓದಬೇಡಿ. ಊರಲ್ಲಿ ಭಜನಾ ಮಂಡಳಿ ಇದ್ದೀತು, ಶ್ರಾವಣದಲ್ಲಿ ಪುರಾಣ ಪ್ರವಚನ ನಡೆದೀತು. ಏನೂ ಇಲ್ಲದಿದ್ದರೆ ನಾಲ್ಕು ಮನೆಯವರು ವಾರಕ್ಕೊಂದು ಸಂಜೆ ಒಂದು ಜಗಲಿಯಲ್ಲಿ ಸೇರಿ. ಅರ್ಧ ಗಂಟೆ ಓದು, ಅರ್ಧ ಗಂಟೆ ಮಾತು: ಯಾರ ಪಂಪ್‌ಸೆಟ್ ಕೆಟ್ಟಿದೆ, ಯಾರಿಗೆ ಬಿತ್ತನೆ ಬೀಜ ಸಾಲದು, ಪಹಣಿ ತಿದ್ದಿಸಲು ತಾಲ್ಲೂಕು ಕಚೇರಿಗೆ ಯಾರ ಜೊತೆ ಯಾರು ಹೋಗುತ್ತಾರೆ. ಹೆಂಗಸರನ್ನೂ ಕೂರಿಸಿಕೊಳ್ಳಿ, ಮನೆಯ ಸಾಲದ ಲೆಕ್ಕ ಅವರಿಗೂ ಗೊತ್ತಿರಬೇಕು. ಎರಡು ವಾರ ಬಾರದೆ ಉಳಿದವರಿದ್ದರೆ ಫೋನ್ ಮಾಡಿ ಸುಮ್ಮನಾಗಬೇಡಿ, ಅವರ ಮನೆಗೇ ಹೋಗಿ ಬನ್ನಿ.