ಮದಕದ ಬದಿಯ ಮರ ಕಡಿಯುವ ಮುಂಚೆ

ನಮ್ಮ ಅಡಿಕೆ ತೋಟದ ತಲೆಯಲ್ಲಿ ಒಂದು ಮದಕ ಇದೆ. ಮಳೆಗೆ ತುಂಬಿ, ಬೇಸಿಗೆಗೆ ಬತ್ತುವಂಥದ್ದು. ಆರು ವರ್ಷದ ಹಿಂದೆ ಕೊಳವೆಬಾವಿ ಖರ್ಚಿಗೆಂದು ಅದರ ಸುತ್ತಲಿನ ಮರ ಮಾರಿದೆ. ಕಡಿಯುವವರು ನೀರಿನಂಚಿನವರೆಗೂ ಕಡಿದರು. ಒಣಗಿದ ಮದಕದ ಒಳಗಿಂದಲೇ ದಿಮ್ಮಿ ಎಳೆದರು. ಗೆಲ್ಲು, ತುದಿ ಎಲ್ಲ ಅಲ್ಲೇ ಬಿಟ್ಟು ಹೋದರು. ನಾನೂ ಬೇಡ ಎನ್ನಲಿಲ್ಲ.

ಮುಂಚೆಲ್ಲ ಜೂನ್‌ನಲ್ಲಿ ಮದಕದ ಮೇಲೆ ಬಾಗಿದ ನೇರಳೆ ಗೆಲ್ಲುಗಳಲ್ಲಿ ಬಿಳಿ ನೊರೆಮುದ್ದೆ ತೂಗುತ್ತಿದ್ದವು. ಆ ವರ್ಷ ಕಂಡದ್ದು ಎರಡೇ.

ನೊರೆಮುದ್ದೆ ಮಲಬಾರ್ ಹಾರುವ ಕಪ್ಪೆಯದ್ದು. ಬೆನ್ನು ಹಸಿರು, ಬೆರಳ ನಡುವಿನ ಪೊರೆ ಕೆಂಪು. ಹೆಣ್ಣು ದೇಹದಿಂದ ಒಸರುವ ದ್ರವವನ್ನು ಹಿಂಗಾಲಿನಲ್ಲಿ ಕಡೆದು ನೊರೆ ಎಬ್ಬಿಸಿ ಅದರೊಳಗೆ ಮೊಟ್ಟೆ ಇಡುತ್ತದೆ. ಹೊರಪದರ ಗಟ್ಟಿಯಾದರೂ ಒಳಗೆ ಪಸೆ ಇರುತ್ತದೆ. ಮರಿ ಒಡೆದ ಮೇಲೆ ನೊರೆ ಕರಗಿ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ. ಗೆಲ್ಲು ನೀರಿನ ಮೇಲೆಯೇ ಇರಬೇಕು, ನೆರಳೂ ಬೇಕು. ಒಂದು ಹೋದರೂ ಲೆಕ್ಕ ತಪ್ಪಿತು.

ಲಾರಿ ಚಕ್ರದ ಹೊಂಡಗಳದ್ದು ಇನ್ನೊಂದು ಕತೆ. ಮಳೆನೀರು ನಿಂತದ್ದೇ ಸಣ್ಣ ಕಪ್ಪೆಗಳು ಅದನ್ನೇ ಕೆರೆ ಎಂದುಕೊಂಡು ಮೊಟ್ಟೆ ಇಟ್ಟವು. ನಾಲ್ಕು ದಿನ ಬಿಸಿಲು ಬಂತು ನೋಡಿ, ಗೊದಮೊಟ್ಟೆಗಳೆಲ್ಲ ಕೆಸರಿಗೆ ಅಂಟಿ ಸತ್ತವು.

ಮದಕ ಉಳಿಸಿದರೆ ಕಪ್ಪೆ ಉಳಿಯಿತು ಎಂದುಕೊಳ್ಳುತ್ತೇವೆ. ಅಲ್ಲ. ನೀರಿಗೆ ಬರುವುದು ಮೊಟ್ಟೆ ಇಡುವ ಕಾಲಕ್ಕೆ ಮಾತ್ರ. ಉಳಿದ ತಿಂಗಳೆಲ್ಲ ಅವಕ್ಕೆ ಸುತ್ತಲಿನ ಮರ, ತರಗೆಲೆ, ಕುಂಬು ದಿಮ್ಮಿಯೇ ಮನೆ. ಚರ್ಮದಿಂದಲೂ ಉಸಿರಾಡುವ ಜೀವಿ, ತೇವ ಇಲ್ಲದೆ ಬದುಕದು.

ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಮರ ಕಡಿಯುವವರಿಗೆಂದೇ 2004ರಲ್ಲಿ ಒಂದು ಮಾರ್ಗಸೂಚಿ ಬಂತು. ಅಲ್ಲಿಯೂ ಬೇಸಿಗೆಗೆ ಬತ್ತುವ ಕಾಡಿನ ಹೊಂಡಗಳಲ್ಲೇ ಕಪ್ಪೆ, ಸಾಲಮಾಂಡರ್‌ಗಳು ಮೊಟ್ಟೆ ಇಡುವುದು. ಹೊಂಡದಿಂದ 100 ಅಡಿವರೆಗೆ ಮುಕ್ಕಾಲು ಪಾಲು ನೆರಳು ಉಳಿಸಿ, 400 ಅಡಿವರೆಗೆ ಅರ್ಧಕ್ಕಿಂತ ಕಡಿಮೆ ಮಾಡಬೇಡಿ, ಹೊಂಡದೊಳಗೆ ಗಾಡಿ ಇಳಿಸಬೇಡಿ, ನೆಲ ಹೆಪ್ಪುಗಟ್ಟಿದಾಗ ಅಥವಾ ಒಣಗಿದಾಗ ಕಡಿಯಿರಿ ಎನ್ನುತ್ತದೆ ಅದು. ಕಡಿಯಲೇಬೇಡಿ ಎಂದಿಲ್ಲ, ಅದು ನನಗೆ ಹಿಡಿಸಿತು. ಅಳತೆ ಆ ಚಳಿದೇಶದ್ದು. ನಮ್ಮಲ್ಲಿ 400 ಅಡಿ ಎಂದರೆ ನೆರೆಯವರ ಜಾಗಕ್ಕೇ ಹೋಯಿತು! ಆದರೆ ನೂರಡಿ ನಮ್ಮ ಕೈಯಲ್ಲೇ ಇದೆಯಲ್ಲ?

ಮಾಡಬಹುದಾದ್ದು ಇಷ್ಟು. ವ್ಯಾಪಾರ ಕುದುರಿಸುವ ಮೊದಲೇ ಬಿಡುವ ಮರಗಳಿಗೆ ಸುಣ್ಣ ಬಳಿಯಿರಿ, ನೀರಿನ ಮೇಲೆ ಬಾಗಿದವನ್ನಂತೂ ಮುಟ್ಟಲೇಬೇಡಿ. ದಿಮ್ಮಿ ಎಳೆಯುವ ದಾರಿ ನೀವೇ ತೋರಿಸಿ. ಮಳೆಗೆ ಮುಂಚೆ ಕೆಲಸ ಮುಗಿಯಲಿ, ಚಕ್ರದ ಹೊಂಡ ಮುಚ್ಚಿಸಿಯೇ ಕೊನೆಯ ಕಂತು ಕೊಡಿ. ಆ ನೂರಡಿಯೊಳಗಿನ ತರಗೆಲೆ ಗುಡಿಸಬೇಡಿ. ಹಟ್ಟಿಗೆ ಬೇರೆ ಕಡೆಯಿಂದ ತಂದರಾಯಿತು.

ಕಪ್ಪೆಯಿಂದ ಲಾಭವೇನು ಅಂತ ಕೇಳುವವರಿದ್ದಾರೆ. ಹುಳ ತಿನ್ನುತ್ತವೆ ನಿಜ. ಆದರೆ ಅದರಿಂದ ನನ್ನ ಅಡಿಕೆ ಹೆಚ್ಚಾಯಿತೆಂದು ಸುಳ್ಳು ಹೇಳಲಾರೆ.

ಬುಡದಿಂದ ಚಿಗುರಿದ ನೇರಳೆ ಈಗ ಮತ್ತೆ ನೀರಿನತ್ತ ಬಾಗಿದೆ. ಕಳೆದ ಮಳೆಗಾಲದಲ್ಲಿ ಏಳು ನೊರೆಮುದ್ದೆ ಎಣಿಸಿದೆ. ಪಕ್ಕದ ಜಾಗದ ಅಣ್ಣ ಬರುವ ಬೇಸಿಗೆಗೆ ಮರ ಕೊಡುವವರಿದ್ದಾರೆ. ಮೊನ್ನೆ ಇಬ್ಬರೂ ಸುಣ್ಣದ ಡಬ್ಬ ಹಿಡಿದು ಹೋಗಿ ಹನ್ನೊಂದು ಮರಕ್ಕೆ ಗುರುತು ಹಾಕಿ ಬಂದೆವು.