ಆ ಸಾಲು ಏನು ಕೇಳುತ್ತಿದೆ?

ನೋಡಪ್ಪ, ಮೆಸಾ ಗ್ರಾಫಿಕ್ಸ್ ಲೈಬ್ರರಿಗೆ ಮೊದಲ ಪ್ಯಾಚ್ ಕಳಿಸಲು ಹೊರಟಿದ್ದೀಯ, ಬಹಳ ಸಂತೋಷ. 1993ರಲ್ಲಿ ಬ್ರಯಾನ್ ಪಾಲ್ ಬಿಡುವಿನ ವೇಳೆಯಲ್ಲಿ ಶುರುಮಾಡಿದ ಕೆಲಸ ಅದು. ಇವತ್ತು ಲಿನಕ್ಸ್ ಡೆಸ್ಕ್‌ಟಾಪಿನಲ್ಲಿ ಚಿತ್ರ ಮೂಡೋದರ ಹಿಂದೆ ಬಹುಪಾಲು ಅದೇ ಇರುತ್ತೆ. ನಿನಗೆ ಸಿಕ್ಕಿರೋದು ಫ್ಲಾಗ್ ಹೋಲಿಕೆಯ ಬಗ್. ಒಂದೇ ಸಾಲಿನದು ಅಂತ ಅವಸರಪಡಬೇಡ.

ಓಪನ್‌ಜಿಎಲ್‌ನಲ್ಲಿ ಬಫರ್ ಅಳಿಸುವ ಆಜ್ಞೆಯನ್ನೇ ತಗೋ. ಕಲರ್ ಬಫರಿನ ಬಿಟ್ 16384, ಡೆಪ್ತ್ ಬಫರಿನದು 256. ಎರಡನ್ನೂ ಅಳಿಸು ಅಂದರೆ ಬರೋದು 16640. ಅದನ್ನು == ಹಾಕಿ 16384ಕ್ಕೆ ಹೋಲಿಸಿದ್ದರೆ, ಕಲರ್ ಒಂದನ್ನೇ ಅಳಿಸುವಾಗ ಎಲ್ಲ ಸರಿ. ಡೆಪ್ತ್ ಜೊತೆಗೂಡಿತೋ, ಹೋಲಿಕೆ ತಪ್ಪಿ ಹಳೇ ಫ್ರೇಮ್ ಅಳಿಯದೇ ಉಳಿಯುತ್ತೆ.

== ತೆಗೆದು & ಹಾಕಿಬಿಡೋಣ ಅನ್ನಿಸುತ್ತೆ. ತಡಿ. ಆ ಸಾಲು ಕೇಳುತ್ತಿರೋದು ಯಾವ ಪ್ರಶ್ನೆ? ಈ ಬಿಟ್ ಒಂದೇ ಇದೆಯಾ? ಬೇರೆಯವುಗಳ ಜೊತೆ ಇದ್ದರೂ ನಡೆಯುತ್ತಾ? ಇಲ್ಲ, ಹೇಳಿದ ಬಿಟ್‌ಗಳೆಲ್ಲ ಇರಲೇಬೇಕಾ? ಬಫರನ್ನು ಮ್ಯಾಪ್ ಮಾಡುವಾಗ ಓದುವ ಬಿಟ್ 1, ಬರೆಯುವ ಬಿಟ್ 2. ಎರಡೂ ಬೇಕಾದ ಕಡೆ 3ರ ಜೊತೆ ಬರೀ & ಮಾಡಿದರೆ, ಓದಲು ಮಾತ್ರ ಕೇಳಿದ್ದೂ ಪಾಸಾಗಿಬಿಡುತ್ತೆ. & ಮಾಡಿ ಬಂದದ್ದನ್ನು ಮತ್ತೆ 3ಕ್ಕೆ ಹೋಲಿಸಬೇಕು.

ಅಲ್ಲಿ ಆವರಣ ಚಿಹ್ನೆ ಮಾತ್ರ ಮರೀಬೇಡ. ಸಿ ಭಾಷೆಯಲ್ಲಿ &ಗಿಂತ ==ಗೆ ಆದ್ಯತೆ ಹೆಚ್ಚು. ಆವರಣ ಇಲ್ಲದಿದ್ದರೆ ಮೊದಲು 3 ಮತ್ತು 3ರ ಹೋಲಿಕೆ ನಡೆದು 1 ಬರುತ್ತೆ, ಆಮೇಲೆ ಆ 1ರ ಜೊತೆ & ಆಗುತ್ತೆ. ಅಂದರೆ ಓದುವ ಬಿಟ್ ಒಂದನ್ನೇ ನೋಡಿದ ಹಾಗಾಯ್ತು. ಎರಡೂ ಬಿಟ್ ಇಟ್ಟು ಬರೆದ ಟೆಸ್ಟ್ ಪಾಸಾಗುತ್ತೆ, ಬಗ್ ಮಾತ್ರ ಅಲ್ಲೇ ಇರುತ್ತೆ! ಈ ಆದ್ಯತೆ && ಇನ್ನೂ ಹುಟ್ಟಿರದ ಕಾಲದ್ದು. ಆಗಲೇ ಬರೆದಿದ್ದ ಕೋಡ್ ಕೆಡಬಾರದು ಅಂತ ಸಿ ಭಾಷೆ ರೂಪಿಸಿದ ಡೆನ್ನಿಸ್ ರಿಚಿ ಅದನ್ನು ಹಾಗೇ ಬಿಟ್ಟರು. ಜಿಸಿಸಿ ಕಂಪೈಲರಿನ ವಾರ್ನಿಂಗ್‌ಗಳನ್ನು ಆನ್ ಮಾಡಿಟ್ಟುಕೋ, ಅದು ಹಿಡಿದುಕೊಡುತ್ತೆ.

ಆದ್ದರಿಂದ ಟೆಸ್ಟಿನಲ್ಲಿ ಓದು ಮಾತ್ರ, ಬರೆ ಮಾತ್ರ, ಎರಡೂ, ಯಾವುದೂ ಇಲ್ಲ, ನಾಲ್ಕನ್ನೂ ಓಡಿಸು. ಗಿಟ್ ಬ್ಲೇಮ್ ಹಾಕಿ ಆ ಸಾಲು ಯಾವ ಕಮಿಟ್‌ನಲ್ಲಿ, ಯಾಕೆ ಬಂತು ಅಂತ ಓದು. == ಬೇಕೆಂದೇ ಇಟ್ಟದ್ದೂ ಇರಬಹುದು. ಬಗ್ ಅನ್ನೋದು ಖಾತ್ರಿಯಾದರೆ ಕಮಿಟ್ ಸಂದೇಶದಲ್ಲಿ ಯಾವ ಫ್ಲಾಗ್‌ಗಳು ಸೇರಿದಾಗ ಏನು ಕೆಡುತ್ತಿತ್ತು ಅಂತ ಬರಿ, ಕೊನೆಗೆ ಆ ಹಳೇ ಕಮಿಟ್‌ನ ಗುರುತು ಹಾಕಿ 'ಫಿಕ್ಸಸ್' ಸಾಲು ಸೇರಿಸು. ಅದಿದ್ದರೆ ಸ್ಟೇಬಲ್ ಬ್ರಾಂಚ್ ನೋಡಿಕೊಳ್ಳೋರು ನಿನ್ನ ಪ್ಯಾಚನ್ನು ಹಿಂದಿನ ಆವೃತ್ತಿಗೂ ಎತ್ತಿಕೊಳ್ಳುತ್ತಾರೆ.