ಜೇನುಪೆಟ್ಟಿಗೆಯ ಮೇಲೆ ಕೋಣೆಯನ್ನು ಎಂದು ಇಡಬೇಕು?

ವಸಂತಕಾಲದಲ್ಲಿ ಜೇನುಸಂಸಾರಕ್ಕೆ ಹೆಚ್ಚು ಸ್ಥಳವನ್ನು ಕೊಡಬೇಕೆಂದು ಪುಸ್ತಕಗಳು ಹೇಳುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ಹಿಮ ಬೀಳುವ ದೇಶಗಳಲ್ಲಿ, ಬೇರೊಂದು ಜಾತಿಯ ದೊಡ್ಡ ನೊಣವನ್ನು ಕುರಿತು ಬರೆದವುಗಳು. ನಮ್ಮ ತುಡುವೆ ಜೇನು ಅದಕ್ಕಿಂತ ಚಿಕ್ಕದು, ಅದರ ಸಂಸಾರವೂ ಚಿಕ್ಕದು. ಇರುವ ಮನೆ ಸರಿಬೀಳದಿದ್ದರೆ ಅದನ್ನು ಬಿಟ್ಟು ಹಾರಿಹೋಗುವ ಸ್ವಭಾವವೂ ಅದಕ್ಕುಂಟು. ಆದುದರಿಂದ ಪರದೇಶದ ತಿಂಗಳ ಲೆಕ್ಕವು ನಮಗೆ ಒಗ್ಗುವದಿಲ್ಲ.

ನಮ್ಮ ನಾಲ್ಕು ತಾಲೂಕುಗಳಲ್ಲಿ ನೊಣದ ವಸಂತವು ಯುಗಾದಿಯನ್ನು ಕಾಯುವದಿಲ್ಲ. ಹಾನಗಲ್ಲಿನ ಮಾವಿನ ತೋಪುಗಳು ಪುಷ್ಯ ಮಾಘಗಳಲ್ಲಿ ಹೂ ತಳೆಯುತ್ತಲೇ ರಾಣಿಯು ಮೊಟ್ಟೆಯಿಡುವದನ್ನು ಹೆಚ್ಚಿಸುವಳು. ಸವಣೂರು, ಶಿಗ್ಗಾಂವಿಗಳ ಕಡೆಯ ಕರಿಮಣ್ಣಿನ ಹೊಲಗಳಲ್ಲಿ ಹಿಂಗಾರಿ ಜೋಳದ ಪರಾಗವೂ ಕುಸುಬಿಯ ಹೂವೂ ಅದೇ ಕಾಲಕ್ಕೆ ದೊರೆಯುವವು. ಫಾಲ್ಗುಣ ಚೈತ್ರಗಳಲ್ಲಿ ನೇರಳೆ, ಹೊಂಗೆ, ಬೇವು ಅರಳುವವು. ಜೇನು ಕೂಡುವದು ಆಗಲೇ. ಇಂದು ಇಟ್ಟ ಮೊಟ್ಟೆಯು ಕೆಲಸದ ನೊಣವಾಗಿ ಹೊರಬರುವದಕ್ಕೆ ಸುಮಾರು ಇಪ್ಪತ್ತು ದಿನ ಬೇಕು. ಅದು ಮರಿಗಳ ಆರೈಕೆ ಮುಂತಾದ ಒಳಗೆಲಸವನ್ನು ತೀರಿಸಿ ಹೂವಿಗೆ ಹೊರಡುವಷ್ಟರಲ್ಲಿ ಮತ್ತೆ ಎರಡು ಮೂರು ವಾರ. ಹೊಂಗೆಯ ಹೂವಿನ ಮಕರಂದವನ್ನು ತರತಕ್ಕ ನೊಣವು ಮಾವಿನ ಹೂವಿನ ಕಾಲದ ಮೊಟ್ಟೆ ಎಂಬುದನ್ನು ನೆನಪಿನಲ್ಲಿಟ್ಟರೆ ಅರ್ಧ ಪಾಠ ಮುಗಿದಂತೆ.

ತಿರುಚಿನಾಪಳ್ಳಿಯಲ್ಲಿ 1911ರಿಂದ 1917ರ ವರೆಗೆ ಜೇನುಸಾಕಣೆಯನ್ನು ಕಲಿಸಿದ ಫಾದರ್ ನ್ಯೂಟನ್ನರು ತುಡುವೆಗೆ ತಕ್ಕ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿದರು. ಅದು ಇಂದಿಗೂ ಅವರ ಹೆಸರಿನಿಂದಲೇ ನಡೆಯುತ್ತದೆ. ಅದರ ಕೆಳಗಿನ ಸಂಸಾರಕೋಣೆಯಲ್ಲಿ ಏಳು ಚೌಕಟ್ಟುಗಳು. ಮೇಲಿಡುವ ಜೇನುಕೋಣೆಯ ಚೌಕಟ್ಟುಗಳು ಅವುಗಳ ಅರ್ಧ ಎತ್ತರದವು.

ಈ ಮೇಲಿನ ಕೋಣೆಯನ್ನು ಬೇಗನೆ ಇಟ್ಟರೆ ಏನಾಗುವದು? ಮರಿಗಳಿಗೆ ಸುಮಾರು 33ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮಾಘದ ಬೆಳಗಿನ ಚಳಿಯಲ್ಲಿ ಆ ಶಾಖವು ಖಾಲಿ ಕೋಣೆಗೆ ಏರಿಹೋಗುವದು; ಅಂಚಿನ ಮರಿಗಳು ಸೆಡೆತು ಸಾಯುವವು. ಇದಲ್ಲದೆ ಬರಿದಾದ ಅಂಕಣದಲ್ಲಿ ಹೆಗ್ಗಣ ಸೇರುವಂತೆ, ನೊಣ ಮುಚ್ಚದ ಎರಿಯಲ್ಲಿ ಮೇಣದ ಪತಂಗವು ಮೊಟ್ಟೆಯಿಡುವದು. ಅದರ ಹುಳುಗಳು ಎರಿಯನ್ನು ಬಲೆಯಾಗಿ ಮಾಡಿಬಿಡುವವು. ತಡಮಾಡಿದರೂ ಕೇಡೇ. ಇಕ್ಕಟ್ಟಾದ ಸಂಸಾರವು ಪಾಲಾಗುವದು. ಹಳೆಯ ರಾಣಿಯು ಬಹುಪಾಲು ನೊಣಗಳೊಂದಿಗೆ ಹೊರಟುಹೋಗುವಳು. ತುಡುವೆಯ ಒಂದು ಪೆಟ್ಟಿಗೆ ವರ್ಷಕ್ಕೆ ಕೊಡುವದೇ ಮೂರು ನಾಲ್ಕು ಕಿಲೋ. ಹೂವಿನ ಹೊಸ್ತಿಲಲ್ಲಿ ಪಾಲಾದ ಸಂಸಾರದಿಂದ ಆ ವರ್ಷ ಮನೆಗೆ ಜೇನೂ ಇಲ್ಲ, ಹಣವೂ ಇಲ್ಲ. 1991ರ ಹೊತ್ತಿಗೆ ನಮ್ಮ ರಾಜ್ಯಕ್ಕೆ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿರೋಗದಿಂದ ತುಡುವೆಯ ಬಹುಪಾಲು ಸಂಸಾರಗಳು ನಾಶವಾದುದನ್ನು ಕಂಡವರು, ಉಳಿದ ಒಂದೊಂದು ಹಿಂಡನ್ನೂ ಹೀಗೆ ಕಳಕೊಳ್ಳಲು ಒಪ್ಪಲಾರರು.

ಹಾಗಾದರೆ ನೋಡತಕ್ಕದ್ದೇನು? ಬಿಸಿಲೇರಿದ ಮೇಲೆ, ಗಾಳಿಯಿಲ್ಲದಾಗ, ಸ್ವಲ್ಪವೇ ಹೊಗೆ ಕೊಟ್ಟು ಪೆಟ್ಟಿಗೆಯನ್ನು ತೆರೆಯಿರಿ. ಐದೇ ಎರಿಗಳ ಮೇಲೆ ನೊಣ ಕೂತಿದ್ದರೆ ಮೇಲಿನ ಕೋಣೆಯ ಮಾತೇ ಬೇಡ; ಮರಿಗಳಿರುವ ಎರಿಗಳ ಪಕ್ಕದಲ್ಲಿ ಮೇಣದ ಹಾಳೆಯ ಒಂದು ಚೌಕಟ್ಟನ್ನು ಸೇರಿಸಿದರೆ ಸಾಕು. ಅದನ್ನು ನಟ್ಟನಡುವೆ ತೂರಿಸಬಾರದು. ಹಾಗೆ ಮಾಡಿದರೆ ಮರಿಗಳ ಬಳಗವು ಎರಡಾಗಿ ತಂಪು ತಗಲುವದು. ಏಳು ಎರಿಗಳೂ ಎರಡು ಮಗ್ಗುಲಿಗೂ ನೊಣದಿಂದ ಮುಚ್ಚಿವೆಯೇ? ಮುಚ್ಚಳ ಹಾಕಿದ ಮರಿಗಳು ಅಂಗೈಯಗಲ ಹರಡಿವೆಯೇ? ಮುಚ್ಚಳ ಹಾಕಿದ ಕೋಶದಿಂದ ಹನ್ನೆರಡು ದಿನಗಳೊಳಗೆ ನೊಣ ಹೊರಬರುವದಾದ್ದರಿಂದ, ಇಂದು ತುಂಬಿದ ಮನೆ ಆಗ ಉಕ್ಕುವದು. ಎಲ್ಲಕ್ಕಿಂತ ನಂಬತಕ್ಕ ಗುರುತು ಮತ್ತೊಂದಿದೆ: ಎರಿಗಳ ಮೇಲಂಚಿನಲ್ಲಿ ಸುಣ್ಣ ಬಳಿದಂತೆ ಹೊಸ ಬಿಳಿ ಮೇಣವೂ ಅದರ ಕೆಳಗೆ ಮಿನುಗುವ ಹಸಿಜೇನೂ ಕಾಣುವದು. ಇವೆಲ್ಲ ಕೂಡಿ ಬಂದು, ಊರ ಸುತ್ತಲಿನ ಹೊಂಗೆ ನೇರಳೆಗಳು ಮೊಗ್ಗಿನಲ್ಲಿದ್ದರೆ, ಅಂದೇ ಕೋಣೆಯನ್ನಿಡಿರಿ. ನೊಣ ತುಂಬಿದ್ದು ಮೊಗ್ಗಿಲ್ಲದಿದ್ದರೆ ಒಂದು ವಾರ ತಡೆದು ಮತ್ತೆ ನೋಡಿರಿ. ನಾನಾದರೋ ತಡೆಯುವ ಪಕ್ಷದವಳು, ಆದರೆ ಒಂದು ವಾರಕ್ಕಿಂತ ಹೆಚ್ಚಲ್ಲ.

ಎರಿಗಳ ಕೆಳಅಂಚನ್ನು ಮಾತ್ರ ಮರೆಯದೆ ನೋಡಬೇಕು. ಅಲ್ಲಿ ನೆಲಗಡಲೆಯ ಕಾಯಿಯಂತೆ ಜೋತುಬಿದ್ದ ರಾಣಿಕೋಶಗಳು ಹಲವಿದ್ದು, ಅವುಗಳಲ್ಲಿ ಮರಿಯಿದ್ದರೆ, ಸ್ಥಳ ಕೊಡುವ ಕಾಲ ಮೀರಿತೆಂದು ತಿಳಿಯತಕ್ಕದ್ದು. ಆಗ ಮೇಲೆ ಎಷ್ಟು ಕೋಣೆಯಿಟ್ಟರೂ ಅವು ಹೊರಡುವ ಮನಸ್ಸನ್ನು ಬಿಡುವದು ವಿರಳ. ನಾವೇ ಮರಿಯ ಎರಿಗಳನ್ನು ಹಂಚಿ ಎರಡು ಪೆಟ್ಟಿಗೆಗಳಾಗಿ ಮಾಡುವದೇ ಲೇಸು. ಗಂಡುಮರಿಗಳ ಉಬ್ಬಿದ ಮುಚ್ಚಳಗಳು ಹೆಚ್ಚಾದುದು ಇದರ ಮುನ್ಸೂಚನೆ; ತುಡುವೆಯಲ್ಲಿ ಅವುಗಳ ನಡುವೆ ಸೂಜಿಯ ಮೊನೆಯಷ್ಟು ತೂತಿರುವದರಿಂದ ಹೊಸಬರೂ ಗುರುತಿಸಬಹುದು.

ಮೇಲಿನ ಜೇನಿನ ಕೋಶಗಳಿಗೆ ಮುಕ್ಕಾಲು ಪಾಲು ಮುಚ್ಚಳ ಬಿದ್ದ ಮೇಲೆ ಜೇನನ್ನು ತೆಗೆಯಬೇಕು. ಮಿರಗದ ಮಳೆಗೆ ಮೊದಲು ಖಾಲಿ ಕೋಣೆಯನ್ನು ಇಳಿಸಿ, ಕೆಳಗಿನ ಎರಿಗಳಲ್ಲಿರುವ ಜೇನನ್ನು ಮುಟ್ಟದೆ ನೊಣಗಳಿಗೇ ಬಿಡಬೇಕು. ಆಷಾಢ ಶ್ರಾವಣಗಳ ಜಡಿಯಲ್ಲಿ ಅವುಗಳಿಗೆ ಬೇರೆ ಆಹಾರ ಸಿಗುವದು ಕಷ್ಟ.